ಲೆಕ್ಕದ ಪುಸ್ತಕ ಯಾರ ಕೈಯಲ್ಲಿ?

ಅಂಗಡಿ ಮೊಬೈಲಿಗೆ ಬಂತು. ಕೆಲಸ ಆ್ಯಪಿಗೆ ಬಂತು. ನಮ್ಮ ಯೋಚನೆಯೂ ಪರದೆ ತೋರಿಸಿದತ್ತ ಹೊರಳುತ್ತಿದೆ. ಯಾರಿಗೆ ಗಿರಾಕಿ ಸಿಗಬೇಕು, ಯಾರಿಗೆ ಕೆಲಸ ಸಿಗಬೇಕು, ನಾವು ಏನನ್ನು ನೋಡಬೇಕು ಎಂಬ ಲೆಕ್ಕ ಎಲ್ಲೋ ನಡೆಯುತ್ತಿದೆ. ಆ ಲೆಕ್ಕ ತೋರಿಸಿ ಎಂದು ಕೇಳುವ ಕಾಲ ಬಂದಿದೆ.

ವರಮಹಾಲಕ್ಷ್ಮಿ ಹಬ್ಬ ಹತ್ತಿರ ಬಂದಿದೆ. ಬೆಂಗಳೂರಿನ ಚಿಕ್ಕಪೇಟೆಯ ಗಲ್ಲಿಯೊಂದರ ಎರಡನೇ ಮಹಡಿ. ಮಧ್ಯಾಹ್ನ ಮೂರು ಗಂಟೆ. ಸೀರೆ ಅಂಗಡಿಯ ಗಾದಿಯ ಮುಂದೆ ಕುಳಿತ ಗಿರಾಕಿಗಳು ಇಬ್ಬರೇ. ವ್ಯಾಪಾರ ಮಾತ್ರ ಭರ್ಜರಿಯಾಗಿ ಸಾಗಿದೆ.

ರಿಂಗ್ ಲೈಟಿಗೆ ಸಿಕ್ಕಿಸಿದ ಮೊಬೈಲಿನ ಎದುರು ನಿಂತ ಹುಡುಗಿ ಸೀರೆಯೊಂದನ್ನು ಜಾಡಿಸಿ ಬಿಚ್ಚುತ್ತಾಳೆ. ಮೊದಲು ಸೆರಗು, ಆಮೇಲೆ ಒಡಲು, ಕೊನೆಗೆ ಬ್ಲೌಸ್ ಪೀಸ್. ಅಂಚನ್ನು ಕ್ಯಾಮೆರಾದ ಹತ್ತಿರಕ್ಕೆ ತಂದು, ‘ನೋಡಿ ಅಕ್ಕ, ಜರಿ ಹೆಂಗಿದೆ! ಸಿಂಗಲ್ ಪೀಸ್. ಬೇಕಾದವ್ರು ಬೇಗ ಸ್ಕ್ರೀನ್‌ಶಾಟ್ ಕಳ್ಸಿ’ ಎನ್ನುತ್ತಾಳೆ. ಪರದೆಯಲ್ಲಿ ಕಾಮೆಂಟುಗಳು ಏರತೊಡಗುತ್ತವೆ. ‘ರೇಟ್ ಎಷ್ಟು?’, ‘ಇದರಲ್ಲೇ ಹಸಿರು ಇದ್ಯಾ?’, ‘ಪುತ್ತೂರಿಗೆ ಕೊರಿಯರ್ ಉಂಟಾ?’, ‘ಹುಬ್ಬಳ್ಳಿಗೆ ಹಬ್ಬದೊಳಗ ಮುಟ್ಟತೈತೇನ್ರಿ?’

ಪಕ್ಕದ ಮೇಜಿನ ಮೇಲೆ ಇನ್ನೊಂದು ಮೊಬೈಲ್, ಅದರಲ್ಲಿ ವಾಟ್ಸ್‌ಆ್ಯಪ್. ಸ್ಕ್ರೀನ್‌ಶಾಟ್ ಮೊದಲು ಕಳಿಸಿದವರಿಗೆ ಸೀರೆ. ಕ್ಯೂಆರ್ ಕೋಡ್ ಹೋಗುತ್ತದೆ, ದುಡ್ಡು ಬರುತ್ತದೆ. ಹುಡುಗನೊಬ್ಬ ಕವರಿನ ಮೇಲೆ ವಿಳಾಸ ಬರೆದು ಮೂಲೆಯ ರಾಶಿಗೆ ಸೇರಿಸುತ್ತಾನೆ. ಅಷ್ಟರಲ್ಲಿ ಇನ್ನೊಂದು ಸೀರೆ ಬಿಚ್ಚಿಕೊಂಡಿರುತ್ತದೆ.

ಇಪ್ಪತ್ತು ವರ್ಷಗಳ ಹಿಂದೆ ಇದೇ ಅಂಗಡಿಗೆ ಪುತ್ತೂರಿನ ಗಿರಾಕಿ ಬರಬೇಕಿದ್ದರೆ ರಾತ್ರಿ ಬಸ್ಸು ಹತ್ತಬೇಕಿತ್ತು. ಈಗ ಆಕೆ ಅಡುಗೆಮನೆಯಲ್ಲಿ ನಿಂತೇ ಸೀರೆಯ ಅಂಚು ನೋಡುತ್ತಾಳೆ. ಇದು ಸಣ್ಣ ಬದಲಾವಣೆಯಲ್ಲ. ಪತ್ರಿಕೆಯಲ್ಲಿ ಕಾಲು ಪುಟದ ಜಾಹೀರಾತು ಕೊಡುವಷ್ಟು ಗಂಟಿಲ್ಲದ ವ್ಯಾಪಾರಿಗೂ ರಾಜ್ಯದ ತುಂಬ ಗಿರಾಕಿಗಳು ಸಿಕ್ಕಿದ್ದಾರೆ. ಮನೆಯಲ್ಲೇ ಕುಳಿತು ಹಪ್ಪಳ, ಚಟ್ನಿಪುಡಿ, ಕುಚ್ಚು ಕಟ್ಟಿದ ಸೆರಗು ಮಾರುವ ಹೆಣ್ಣುಮಕ್ಕಳ ಕೈಯಲ್ಲಿ ಸ್ವಂತ ದುಡಿಮೆಯ ಹಣ ಓಡಾಡುತ್ತಿದೆ.

ಈ ಒಳ್ಳೆಯದನ್ನು ಮನಸಾರೆ ಒಪ್ಪಿಕೊಂಡೇ ಮುಂದಿನ ಪ್ರಶ್ನೆ ಕೇಳಬೇಕು. ಈ ಲೈವ್ ಪ್ರಸಾರ ಇವತ್ತು ಎಷ್ಟು ಜನರಿಗೆ ಕಾಣಬೇಕು ಎಂದು ತೀರ್ಮಾನಿಸುವವರು ಯಾರು?

ರೀಚ್ ಬಿದ್ದುಹೋಯಿತು

ಆನ್‌ಲೈನ್ ವ್ಯಾಪಾರಿಗಳ ನಡುವೆ ಹೆಚ್ಚಾಗಿ ಕೇಳಿಬರುವ ಮಾತು ‘ರೀಚ್’. ನಿನ್ನೆ ಸಾವಿರಾರು ಜನ ನೋಡಿದ ಪುಟವನ್ನು ಇವತ್ತು ನೂರು ಜನ ನೋಡುತ್ತಾರೆ. ಸೀರೆ ಅದೇ, ಬೆಲೆ ಅದೇ, ಮಾತನಾಡುವ ಹುಡುಗಿಯೂ ಅವಳೇ. ಏನಾಯಿತೆಂದು ಕೇಳಲು ಯಾರ ಬಾಗಿಲೂ ಇಲ್ಲ. ‘ಬೂಸ್ಟ್ ಮಾಡಿ’ ಎಂಬ ಗುಂಡಿಯೊಂದು ಮಾತ್ರ ಪರದೆಯಲ್ಲಿ ಹೊಳೆಯುತ್ತಿರುತ್ತದೆ. ದುಡ್ಡು ಕಟ್ಟಿದರೆ ಹೆಚ್ಚು ಜನರಿಗೆ ಕಾಣುತ್ತೀರಿ.

ಫೇಸ್‌ಬುಕ್, ಇನ್‌ಸ್ಟಾಗ್ರಾಂ, ವಾಟ್ಸ್‌ಆ್ಯಪ್ ಮೂರರ ಒಡೆತನವೂ ಮೆಟಾ ಕಂಪನಿಯದು. 2024ರಲ್ಲಿ ಅದರ ಆದಾಯ ಸುಮಾರು 16,450 ಕೋಟಿ ಡಾಲರ್. ಅದರಲ್ಲಿ ಶೇ 97ಕ್ಕೂ ಹೆಚ್ಚು ಬಂದದ್ದು ಜಾಹೀರಾತಿನಿಂದ. ನಾವು ಬಿಟ್ಟಿಯಾಗಿ ಬಳಸುತ್ತಿದ್ದೇವೆ ಅಂದುಕೊಂಡ ಜಾಗಕ್ಕೆ ಬಾಡಿಗೆ ಕಟ್ಟುತ್ತಿರುವವರಲ್ಲಿ ಚಿಕ್ಕಪೇಟೆಯ ವ್ಯಾಪಾರಿಯೂ ಇದ್ದಾನೆ.

ನಮ್ಮ ದನದ ಜಾತ್ರೆಗಳಲ್ಲಿ ದಲ್ಲಾಳಿಗಳು ಟವೆಲ್ ಕೆಳಗೆ ಬೆರಳು ಹಿಡಿದು ಬೆಲೆ ಕುದುರಿಸುತ್ತಾರೆ. ಸುತ್ತ ನಿಂತವರಿಗೆ ಟವೆಲ್ ಅಲುಗಾಡುವುದಷ್ಟೇ ಕಾಣುತ್ತದೆ. ಆದರೂ ದಲ್ಲಾಳಿಯ ಮುಖ ಎದುರಿಗಿರುತ್ತದೆ, ಮೋಸವಾದರೆ ಜಗಳ ಕಾಯಬಹುದು, ಮುಂದಿನ ವರ್ಷ ಬೇರೆಯವನನ್ನು ಹಿಡಿಯಬಹುದು. ಇಂದಿನ ಪೇಟೆಯಲ್ಲಿ ಟವೆಲ್ ಇದೆ, ಬೆರಳಿನ ಲೆಕ್ಕವೂ ಇದೆ, ದಲ್ಲಾಳಿಯ ಮುಖ ಇಲ್ಲ.

ನೇಕಾರರ ಕಡೆಯಿಂದ ನೋಡಿದರೆ ಕಷ್ಟದ ಇನ್ನೊಂದು ಮಗ್ಗುಲು ಕಾಣುತ್ತದೆ. ಭೌಗೋಳಿಕ ಸೂಚಿಕೆ ಪಡೆದ ಇಳಕಲ್ ಸೀರೆಯ ಹೆಚ್ಚುಗಾರಿಕೆ ಇರುವುದು ಒಡಲೂ ಸೆರಗೂ ಕೂಡುವ ಜಾಗದಲ್ಲಿ. ಒಡಲಿನ ಹಾಸಿಗೂ ಸೆರಗಿನ ಹಾಸಿಗೂ ಕೊಂಡಿ ಹಾಕಿ ಬೆಸೆಯುತ್ತಾರೆ. ಒಂದೊಂದೇ ಎಳೆ ಹಿಡಿದು ಮಾಡುವ ಈ ಕೆಲಸಕ್ಕೆ ತಾಳ್ಮೆ ಬೇಕು, ಪಳಗಿದ ಕೈ ಬೇಕು. ಕೈಯಲ್ಲಿ ಹಿಡಿದು ಆ ಗೆರೆಯ ಮೇಲೆ ಬೆರಳಾಡಿಸಿದರೆ ಅದು ಗೊತ್ತಾಗುತ್ತದೆ. ಮೊಬೈಲಿನ ಚಿತ್ರದಲ್ಲಿ ಗೊತ್ತಾಗುವುದಿಲ್ಲ. ಪವರ್‌ಲೂಮಿನ ಅಗ್ಗದ ನಕಲು ಅದೇ ಬಣ್ಣ, ಅದೇ ಕೆಂಪು ಸೆರಗಿನೊಂದಿಗೆ ಪರದೆಯ ಮೇಲೆ ಪಕ್ಕದಲ್ಲೇ ಬಂದು ನಿಲ್ಲುತ್ತದೆ, ಅರ್ಧ ಬೆಲೆಗೆ. ಕಡಿಮೆ ಬೆಲೆಯದಕ್ಕೆ ಹೆಚ್ಚು ಜನ ಬೆರಳು ಒತ್ತುತ್ತಾರೆ. ಹೆಚ್ಚು ಜನ ಒತ್ತಿದ್ದೇ ಇನ್ನಷ್ಟು ಜನರಿಗೆ ಕಾಣುತ್ತದೆ. ಕಸುಬುದಾರನ ಕೊಂಡಿಗೆ ಆ ಲೆಕ್ಕದಲ್ಲಿ ಜಾಗವಿಲ್ಲ.

---
ಬಾಕ್ಸ್ | ಹೀಗೆ ಬಂತು ಈ ಪೇಟೆ

● 2007: ಬೆಂಗಳೂರಿನಲ್ಲಿ ಫ್ಲಿಪ್‌ಕಾರ್ಟ್ ಆರಂಭ. ಮೊದಲು ಮಾರಿದ್ದು ಪುಸ್ತಕ.
● 2009: ಫೇಸ್‌ಬುಕ್‌ನಲ್ಲಿ ‘ಲೈಕ್’ ಗುಂಡಿ.
● 2014: ಬೆಂಗಳೂರಿನಲ್ಲಿ ಸ್ವಿಗ್ಗಿ ಆರಂಭ.
● 2015: ಬೆಂಗಳೂರಿನಲ್ಲಿ ಮೀಶೋ ಆರಂಭ. ವಾಟ್ಸ್‌ಆ್ಯಪ್ ಮೂಲಕ ಮರುಮಾರಾಟ ಮಾಡುವವರನ್ನು, ಅದರಲ್ಲೂ ಗೃಹಿಣಿಯರನ್ನು, ನೆಚ್ಚಿ ಬೆಳೆಯಿತು.
● 2016: ಏಪ್ರಿಲ್‌ನಲ್ಲಿ ಯುಪಿಐ, ಸೆಪ್ಟೆಂಬರ್‌ನಲ್ಲಿ ಜಿಯೊ, ನವೆಂಬರ್‌ನಲ್ಲಿ ನೋಟು ರದ್ದು.
● 2020: ಜೂನ್ 29ರಂದು ಟಿಕ್‌ಟಾಕ್ ನಿಷೇಧ. ಜುಲೈನಲ್ಲಿ ಭಾರತಕ್ಕೆ ಇನ್‌ಸ್ಟಾಗ್ರಾಂ ರೀಲ್ಸ್, ಸೆಪ್ಟೆಂಬರ್‌ನಲ್ಲಿ ಯೂಟ್ಯೂಬ್ ಶಾರ್ಟ್ಸ್.
● 2025: ಆಗಸ್ಟ್ ಒಂದೇ ತಿಂಗಳಲ್ಲಿ ಯುಪಿಐ ವಹಿವಾಟು 2,000 ಕೋಟಿ ದಾಟಿತು. ಎರಡು ವರ್ಷ ಹಿಂದೆ ಅದು 1,000 ಕೋಟಿ ದಾಟಿತ್ತು.

---

ಕ್ಯೂಆರ್ ಬೋರ್ಡು ಕೆಳಗಿಳಿದ ಜುಲೈ

ಲೆಕ್ಕ ಬೇರೆಯವರ ಕೈಯಲ್ಲಿದ್ದರೆ ಏನಾಗುತ್ತದೆ ಎಂಬುದನ್ನು ಕರ್ನಾಟಕದ ಸಣ್ಣ ವ್ಯಾಪಾರಿಗಳು 2025ರ ಜುಲೈನಲ್ಲಿ ಕಂಡರು.

ತರಕಾರಿ ಗಾಡಿ, ಬೇಕರಿ, ಹಾಲಿನ ಬೂತು, ಬೀಡಾ ಅಂಗಡಿ ಎಲ್ಲ ಕಡೆ ಕ್ಯೂಆರ್ ಕೋಡ್ ಬಂದು ವರ್ಷಗಳಾಗಿದ್ದವು. ಚಿಲ್ಲರೆ ಕಾಟ ತಪ್ಪಿತ್ತು. ಹತ್ತು ರೂಪಾಯಿ ಬಂದರೂ ಸೌಂಡ್‌ಬಾಕ್ಸ್ ಪೆಟ್ಟಿಗೆ ಕೂಗಿ ಹೇಳುತ್ತಿತ್ತು. ವ್ಯಾಪಾರಿಗೆ ಕೇಳಿಸುತ್ತಿದ್ದುದು ಆ ಹತ್ತು ರೂಪಾಯಿ. ವಾಣಿಜ್ಯ ತೆರಿಗೆ ಇಲಾಖೆ ತರಿಸಿಕೊಂಡು ನೋಡಿದ್ದು 2021–22ರಿಂದ ನಾಲ್ಕು ವರ್ಷಗಳ ಒಟ್ಟು ಮೊತ್ತ. ಸರಕು ಮಾರುವವರ ವಾರ್ಷಿಕ ವಹಿವಾಟು 40 ಲಕ್ಷ ರೂಪಾಯಿ ದಾಟಿದರೆ, ಸೇವೆ ಕೊಡುವವರದು 20 ಲಕ್ಷ ದಾಟಿದರೆ ಜಿಎಸ್‌ಟಿ ನೋಂದಣಿ ಬೇಕು ಎಂಬ ನಿಯಮ ಹಿಡಿದು ಸಾವಿರಾರು ಮಂದಿಗೆ ನೋಟಿಸ್ ಹೋಯಿತು.

ತೆರಿಗೆಯೇ ಇಲ್ಲದ ತರಕಾರಿ ಮಾರುವವರಿಗೂ ನೋಟಿಸ್ ಬಂತು. ಬೆಂಗಳೂರಿನ ಅಂಗಡಿಗಳಲ್ಲಿ ಕ್ಯೂಆರ್ ಹಲಗೆಗಳು ಕೆಳಗಿಳಿದವು, ‘ನಗದು ಮಾತ್ರ’ ಎಂಬ ಚೀಟಿಗಳು ಮೇಲೇರಿದವು. ಬಂದ್‌ನ ಮಾತು ಎದ್ದಿತು. ಜುಲೈ 23ರಂದು ಮುಖ್ಯಮಂತ್ರಿ ಸಿದ್ದರಾಮಯ್ಯ ವ್ಯಾಪಾರಿಗಳ ಸಭೆ ಕರೆದು, ತೆರಿಗೆ ವಿನಾಯಿತಿ ಇರುವ ಸರಕು ಮಾರುವವರ ನೋಟಿಸ್ ಕೈಬಿಡುವುದಾಗಿಯೂ ಹಳೆಯ ಬಾಕಿ ವಸೂಲು ಮಾಡುವುದಿಲ್ಲವೆಂದೂ ಹೇಳಿದ ಮೇಲೆ ಬಿಸಿ ತಣ್ಣಗಾಯಿತು.

ತೆರಿಗೆ ಕಟ್ಟಬೇಕಾದವರು ಕಟ್ಟಲೇಬೇಕು. ಅದರಲ್ಲಿ ಎರಡು ಮಾತಿಲ್ಲ. ಆದರೆ ತನ್ನ ಗಾಡಿಯ ಮುಂದಿನ ಹಲಗೆ ಒಂದು ಲೆಕ್ಕದ ಪುಸ್ತಕ, ಅದನ್ನು ಬೇರೆಯವರೂ ಓದುತ್ತಾರೆ ಎಂದು ಆ ವ್ಯಾಪಾರಿಗೆ ಹಲಗೆ ಕೊಟ್ಟ ದಿನ ಯಾರೂ ಹೇಳಿರಲಿಲ್ಲ. ತಂತ್ರಜ್ಞಾನದ ಸುಖವನ್ನು ವಿವರಿಸಲು ಕಂಪನಿಯವರು ಬೀದಿ ಬೀದಿ ಸುತ್ತಿದ್ದರು. ಅದರ ಹೊಣೆಯನ್ನು ವಿವರಿಸಲು ಬಂದದ್ದು ನೋಟಿಸ್.

‘ಐಡಿ ಬ್ಲಾಕ್ ಆಯ್ತು’

ಸಂಜೆ ಏಳರ ಹೊತ್ತಿಗೆ ಜಯನಗರದ ಯಾವುದೇ ದೊಡ್ಡ ಹೋಟೆಲಿನ ಮುಂದೆ ನಿಂತು ನೋಡಿ. ಬೈಕುಗಳ ಮೇಲೆ ಕುಳಿತ ಡೆಲಿವರಿ ಹುಡುಗರೆಲ್ಲರ ಕಣ್ಣು ಹ್ಯಾಂಡಲಿಗೆ ಸಿಕ್ಕಿಸಿದ ಮೊಬೈಲಿನ ಮೇಲೆ. ಆರ್ಡರ್ ಬಂದಾಗ ಪರದೆ ಬೆಳಗುತ್ತದೆ. ಎಷ್ಟು ದೂರ, ಎಷ್ಟು ದುಡ್ಡು ಎಂಬ ಎರಡು ಅಂಕಿ. ಒಪ್ಪಲು ಕೆಲವೇ ಸೆಕೆಂಡು. ಬೇಡವೆಂದರೆ ಮುಂದಿನ ಆರ್ಡರ್ ತಡವಾಗುತ್ತದೆ ಎಂಬ ಭಯ. ಹಾಗೆ ನಿಜಕ್ಕೂ ತಡವಾಗುತ್ತದೆಯೇ? ಅವರಿಗೆ ಹೇಳುವವರಿಲ್ಲ. ಅನುಭವದಿಂದ ಊಹಿಸಿಕೊಂಡೇ ಅವರು ಬದುಕು ನಡೆಸುತ್ತಾರೆ.

ಕಂಪನಿ ಅವರನ್ನು ಕರೆಯುವುದು ‘ಪಾರ್ಟ್‌ನರ್’ ಎಂದು. ಈ ಪಾಲುದಾರರಿಗೆ ಇವತ್ತಿನ ರೇಟು ನಿನ್ನೆಗಿಂತ ಏಕೆ ಕಡಿಮೆ ಎಂದು ಗೊತ್ತಿಲ್ಲ. ದಿನದ ಇನ್ಸೆಂಟಿವ್‌ಗೆ ಎರಡೇ ಆರ್ಡರ್ ಬಾಕಿ ಇರುವಾಗ ಮೊಬೈಲ್ ಏಕೆ ಸುಮ್ಮನಾಗುತ್ತದೆ ಎಂದೂ ಗೊತ್ತಿಲ್ಲ. ಗಿರಾಕಿಯೊಬ್ಬ ಸಿಟ್ಟಿನಲ್ಲಿ ಒಂದು ಸ್ಟಾರ್ ಒತ್ತಿದರೆ ಅದರ ಪೆಟ್ಟು ಎಷ್ಟು ದಿನ ಎಂಬುದೂ ತಿಳಿಯದು. ಅವರು ಹೆಚ್ಚು ಹೆದರುವುದು ‘ಐಡಿ ಬ್ಲಾಕ್ ಆಯ್ತು’ ಎಂಬ ಮಾತಿಗೆ. ಬೆಳಿಗ್ಗೆ ಲಾಗಿನ್ ಆಗಲು ಹೋದರೆ ಆ್ಯಪ್ ತೆರೆಯುವುದಿಲ್ಲ. ಬೈಕಿನ ಕಂತು ಮಾತ್ರ ತಪ್ಪದೆ ಬರುತ್ತದೆ.

ನೀತಿ ಆಯೋಗದ 2022ರ ವರದಿಯ ಅಂದಾಜಿನಂತೆ 2020–21ರಲ್ಲಿ ದೇಶದಲ್ಲಿ ಹೀಗೆ ಬಿಡಿಬಿಡಿ ಕೆಲಸ ಹಿಡಿದು ದುಡಿಯುವ 77 ಲಕ್ಷ ಗಿಗ್ ಕಾರ್ಮಿಕರಿದ್ದರು. 2029–30ರ ಹೊತ್ತಿಗೆ ಅವರು 2.35 ಕೋಟಿ ಆಗಬಹುದು. ಇವರಲ್ಲಿ ಹೆಚ್ಚಿನವರಿಗೆ ಎದುರಿಗೆ ನಿಂತು ಮಾತನಾಡಬಲ್ಲ ಮೇಲ್ವಿಚಾರಕ ಇಲ್ಲ.

ಈ ಮೌನವನ್ನು ಮುರಿಯಲು ಕರ್ನಾಟಕ ಒಂದು ಹೆಜ್ಜೆ ಇಟ್ಟಿದೆ. 2025ರ ಮೇ ತಿಂಗಳಲ್ಲಿ ಗಿಗ್ ಕಾರ್ಮಿಕರಿಗಾಗಿ ಸುಗ್ರೀವಾಜ್ಞೆ ಬಂತು, ಆಗಸ್ಟ್‌ನಲ್ಲಿ ವಿಧಾನಮಂಡಲ ಮಸೂದೆಗೆ ಒಪ್ಪಿಗೆ ಕೊಟ್ಟಿತು. ಕಲ್ಯಾಣ ಮಂಡಳಿ, ನಿಧಿ ಎಲ್ಲವೂ ಅದರಲ್ಲಿವೆ. ನನಗೆ ಅದರಲ್ಲಿ ಅತಿ ಮುಖ್ಯವಾಗಿ ಕಂಡದ್ದು ಬೇರೆ ಒಂದು ಅಂಶ: ಕೆಲಸ ಹಂಚುವ, ರೇಟಿಂಗ್ ಕೊಡುವ ಯಂತ್ರದ ಲೆಕ್ಕವನ್ನು ಕಾರ್ಮಿಕನಿಗೆ ತಿಳಿಸಬೇಕು ಎಂಬ ಮಾತು. ದುಡಿಯುವವನಿಗೆ ಸಂಬಳದ ಚೀಟಿ ಕೇಳುವ ಹಕ್ಕಿದ್ದಂತೆ, ಇನ್ನು ಮುಂದೆ ಆ್ಯಪಿನ ತರ್ಕ ಕೇಳುವ ಹಕ್ಕೂ ಇದೆ.

---
ಬಾಕ್ಸ್ | ಕಾಯ್ದೆಯಲ್ಲಿ ಏನಿದೆ?

ಕರ್ನಾಟಕ ಪ್ಲಾಟ್‌ಫಾರ್ಮ್ ಆಧಾರಿತ ಗಿಗ್ ಕಾರ್ಮಿಕರ (ಸಾಮಾಜಿಕ ಭದ್ರತೆ ಮತ್ತು ಕಲ್ಯಾಣ) ಕಾಯ್ದೆ, 2025:

● ಕಾರ್ಮಿಕರಿಗೆ ಕೊಡುವ ಪ್ರತಿ ಪಾವತಿಯ ಮೇಲೆ ಶೇ 1ರಿಂದ 5ರವರೆಗೆ ಕಲ್ಯಾಣ ಶುಲ್ಕವನ್ನು ಕಂಪನಿಗಳು ಕಟ್ಟಬೇಕು.
● ಕಾರಣವನ್ನು ಲಿಖಿತವಾಗಿ ತಿಳಿಸಿ 14 ದಿನ ಮೊದಲೇ ನೋಟಿಸ್ ಕೊಡದೆ ಕೆಲಸದಿಂದ ತೆಗೆಯುವಂತಿಲ್ಲ.
● ಕೆಲಸ ಹಂಚಿಕೆ, ದರ, ರೇಟಿಂಗ್ ನಿರ್ಧರಿಸುವ ಸ್ವಯಂಚಾಲಿತ ವ್ಯವಸ್ಥೆಯ ಬಗ್ಗೆ ಕಾರ್ಮಿಕನಿಗೆ ತಿಳಿಯುವಂತೆ ಮಾಹಿತಿ ಕೊಡಬೇಕು.
● ದೂರು ಹೇಳಿಕೊಳ್ಳಲು ವ್ಯವಸ್ಥೆ ಇರಬೇಕು, ಮಾತನಾಡಲು ಮನುಷ್ಯರು ಸಿಗಬೇಕು.

ಗಿಗ್ ಕಾರ್ಮಿಕರಿಗಾಗಿ ದೇಶದಲ್ಲಿ ಮೊದಲು ಕಾಯ್ದೆ ಮಾಡಿದ ರಾಜ್ಯ ರಾಜಸ್ಥಾನ, 2023ರಲ್ಲಿ.

---

ಬೆರಳು ಮುಂದೆ, ಬುದ್ಧಿ ಹಿಂದೆ

ಗಿರಾಕಿ ಮತ್ತು ದುಡಿಮೆಯ ಲೆಕ್ಕವಾದರೂ ರೂಪಾಯಿಯಲ್ಲಿ ಕಾಣುತ್ತದೆ. ಮೂರನೆಯ ಲೆಕ್ಕ ಕಾಣುವುದೇ ಇಲ್ಲ. ಅದು ನಮ್ಮ ಗಮನದ್ದು.

ಮಾಹಿತಿ ಹೆಚ್ಚಿದಷ್ಟೂ ಗಮನಕ್ಕೆ ಬಡತನ ಬರುತ್ತದೆ ಎಂದು ಅರ್ಥಶಾಸ್ತ್ರಜ್ಞ ಹರ್ಬರ್ಟ್ ಸೈಮನ್ 1971ರಲ್ಲೇ ಎಚ್ಚರಿಸಿದ್ದರು. ಆಗ ಮೊಬೈಲ್ ಇರಲಿಲ್ಲ. 2006ರಲ್ಲಿ ಆಜಾ ರಾಸ್ಕಿನ್ ಎಂಬ ವಿನ್ಯಾಸಕಾರ ಪುಟ ಮುಗಿಯದಂತೆ ಕೆಳಗೆ ಜಾರುತ್ತಲೇ ಇರುವ ವಿಧಾನ ರೂಪಿಸಿದರು. ಪುಸ್ತಕಕ್ಕೆ ಕೊನೆಯ ಪುಟವಿದೆ, ಪತ್ರಿಕೆಗೂ ಇದೆ. ಆ ಕೊನೆಯಲ್ಲಿ ಓದುಗ ತಲೆ ಎತ್ತುತ್ತಾನೆ, ಓದಿದ್ದನ್ನು ಮೆಲುಕು ಹಾಕುತ್ತಾನೆ. ಕೊನೆಯೇ ಇಲ್ಲದ ಪುಟದಲ್ಲಿ ತಲೆ ಎತ್ತುವ ಆ ಗಳಿಗೆ ಬರುವುದಿಲ್ಲ. ತಾವು ಮಾಡಿದ್ದರ ಪರಿಣಾಮದ ಬಗ್ಗೆ ರಾಸ್ಕಿನ್ ಅವರೇ ಮುಂದೆ ಬಹಿರಂಗವಾಗಿ ವಿಷಾದಿಸಿದರು.

ಯೋಚಿಸುವ ಮೊದಲೇ ಬೆರಳು ಓಡಿದರೆ ಏನಾಗುತ್ತದೆ ಎಂಬುದಕ್ಕೆ ನಮ್ಮ ನೆಲದಲ್ಲೇ ಗಾಯದ ಗುರುತುಗಳಿವೆ.

2012ರ ಆಗಸ್ಟ್‌ನಲ್ಲಿ ಹಲ್ಲೆಯ ವದಂತಿಗಳು ಎಸ್‌ಎಂಎಸ್‌ಗಳಲ್ಲಿ ಹರಡಿ, ಈಶಾನ್ಯ ರಾಜ್ಯಗಳ ಸಾವಿರಾರು ಮಂದಿ ಬೆಂಗಳೂರಿನ ರೈಲು ನಿಲ್ದಾಣಕ್ಕೆ ಧಾವಿಸಿದರು. ಗುವಾಹಟಿಗೆ ವಿಶೇಷ ರೈಲು ಬಿಡಬೇಕಾಯಿತು. ಒಟ್ಟಾಗಿ ಕಳಿಸುವ ಎಸ್‌ಎಂಎಸ್‌ಗಳಿಗೆ ಕೇಂದ್ರ ಸರ್ಕಾರ 15 ದಿನ ಮಿತಿ ಹೇರಿತು.

2018ರ ಜುಲೈ 13ರಂದು ಬೀದರ್ ಜಿಲ್ಲೆಯ ಮುರ್ಕಿಯಲ್ಲಿ ನಡೆದದ್ದು ಇನ್ನೂ ಭೀಕರ. ಸುತ್ತಾಡಲು ಕಾರಿನಲ್ಲಿ ಬಂದಿದ್ದ ಗೆಳೆಯರ ಗುಂಪು ಹತ್ತಿರದ ಇನ್ನೊಂದು ಹಳ್ಳಿಯ ಮಕ್ಕಳಿಗೆ ಚಾಕೊಲೇಟ್ ಕೊಟ್ಟಿತ್ತು. ಮಕ್ಕಳ ಕಳ್ಳರು ಎಂಬ ಅನುಮಾನ ಎದ್ದಿತು. ಅವರು ಅಲ್ಲಿಂದ ಹೊರಟರು, ಅವರ ವಿಡಿಯೊ ವಾಟ್ಸ್‌ಆ್ಯಪ್‌ನಲ್ಲಿ ಅವರ ಕಾರಿಗಿಂತ ಮುಂದೆ ಓಡಿತು. ಮುರ್ಕಿಯಲ್ಲಿ ರಸ್ತೆಗೆ ಅಡ್ಡ ಹಾಕಿ ಕಾದಿದ್ದ ಜನ ಹೈದರಾಬಾದಿನ ಸಾಫ್ಟ್‌ವೇರ್ ಎಂಜಿನಿಯರ್ ಒಬ್ಬರನ್ನು ಹೊಡೆದು ಕೊಂದರು. ಅದಾದ ಒಂದು ವಾರದಲ್ಲಿ, ಒಂದು ಸಂದೇಶವನ್ನು ಒಮ್ಮೆಗೆ ಐದಕ್ಕಿಂತ ಹೆಚ್ಚು ಕಡೆ ಫಾರ್ವರ್ಡ್ ಮಾಡದಂತೆ ಭಾರತದಲ್ಲಿ ಮಿತಿ ಹಾಕುವುದಾಗಿ ವಾಟ್ಸ್‌ಆ್ಯಪ್ ಹೇಳಿತು.

ಆ ಮಿತಿ ಒಂದು ವಿಷಯವನ್ನು ಸ್ಪಷ್ಟಪಡಿಸುತ್ತದೆ. ಸಂದೇಶ ಎಷ್ಟು ವೇಗದಲ್ಲಿ ಹರಡಬೇಕು ಎಂಬುದು ಪ್ರಕೃತಿ ನಿಯಮವಲ್ಲ. ಯಾರೋ ಮನುಷ್ಯರು ಕುಳಿತು ಮಾಡುವ ತೀರ್ಮಾನ. ಐದಕ್ಕೆ ಇಳಿಸಲು ಸಾಧ್ಯವಿತ್ತು. ಸಾವು ಕಣ್ಣಿಗೆ ರಾಚಿದ ಮೇಲೆ ಇಳಿಸಿದರು.

ಇನ್ನು ಮನೆಯೊಳಗಿನ ಕಥೆ. ಅತಿಯಾದ ಮೊಬೈಲ್, ಗೇಮ್, ಇಂಟರ್ನೆಟ್ ಬಳಕೆಯಿಂದ ನಲುಗಿದವರಿಗಾಗಿ ಬೆಂಗಳೂರಿನ ನಿಮ್ಹಾನ್ಸ್ 2014ರಲ್ಲೇ ‘ಶಟ್’ ಎಂಬ ಕ್ಲಿನಿಕ್ ತೆರೆಯಿತು. ದೇಶದಲ್ಲಿ ಇಂಥ ಮೊದಲ ಕ್ಲಿನಿಕ್ ಅದು. ಜಿಯೊ, ರೀಲ್ಸ್ ಯಾವುದೂ ಬಂದಿರದ ಕಾಲದಲ್ಲೇ ವೈದ್ಯರಿಗೆ ಅದರ ಅಗತ್ಯ ಕಂಡಿತ್ತು. 2025ರ ಡಿಸೆಂಬರ್ 10ರಿಂದ ಆಸ್ಟ್ರೇಲಿಯಾ 16 ವರ್ಷದೊಳಗಿನ ಮಕ್ಕಳಿಗೆ ಸಾಮಾಜಿಕ ಜಾಲತಾಣಗಳ ಖಾತೆಯನ್ನೇ ನಿರ್ಬಂಧಿಸಿದೆ. ಮಗುವಿನ ಹಟ, ತಾಯ್ತಂದೆಯರ ಸಡಿಲಿಕೆ ಎಂದು ಮನೆಯವರನ್ನೇ ದೂರುತ್ತಿದ್ದವರೂ, ಬಿಡಲಾಗದಂತೆ ಈ ಜಾಲತಾಣಗಳನ್ನು ಕಟ್ಟಿದವರನ್ನು ಈಗ ಪ್ರಶ್ನಿಸುತ್ತಿದ್ದಾರೆ.

ತೆರೆದ ಲೆಕ್ಕ ಹೀಗಿರುತ್ತದೆ

ಹಾಗಾದರೆ ಯಂತ್ರದ ಲೆಕ್ಕ ಎಂದರೆ ಮುಚ್ಚಿದ ಲೆಕ್ಕ ಎಂದೇ ಅರ್ಥವೇ? ಖಂಡಿತ ಅಲ್ಲ. ಉತ್ತರ ಬೆಂಗಳೂರಿಗೆ ಹತ್ತಿರದಲ್ಲೇ ಇದೆ, ರಾಮನಗರದಲ್ಲಿ.

ಏಷ್ಯಾದಲ್ಲೇ ದೊಡ್ಡದು ಎನಿಸಿದ ಅಲ್ಲಿನ ರೇಷ್ಮೆಗೂಡಿನ ಮಾರುಕಟ್ಟೆಗೆ ಬೆಳಗಾಗುತ್ತಲೇ ಹೋದರೆ ಸಾಲು ಸಾಲು ಜಾಲರಿಗಳಲ್ಲಿ ಹಳದಿ, ಬಿಳಿ ಗೂಡುಗಳು. ಪ್ರತಿ ರೈತನ ಗೂಡಿಗೆ ಒಂದು ಲಾಟ್ ನಂಬರು. ಗೂಡಿನಿಂದ ನೂಲು ತೆಗೆಯುವ ರೀಲರುಗಳು ಜಾಲರಿಯ ತಳಕ್ಕೆ ಕೈ ಹಾಕಿ ಗೂಡೆತ್ತಿ, ಕಿವಿಯ ಹತ್ತಿರ ಅಲ್ಲಾಡಿಸಿ ನೋಡುತ್ತಾರೆ. ಒಳಗಿನ ಹುಳುವಿನ ಸದ್ದಿನಿಂದಲೇ ಗೂಡಿನ ಗುಣ ಹೇಳುವ ಕಿವಿಗಳು ಅವು. ಗುಣ ಅಳೆಯುವುದು ಇಂದಿಗೂ ಕೈ ಮತ್ತು ಕಿವಿ. ಬೆಲೆ ಕೂಗುವುದು ಮಾತ್ರ ಮೊಬೈಲಿನಲ್ಲಿ.

ಹಿಂದೆ ಬಾಯಿಮಾತಿನ ಹರಾಜಿನಲ್ಲಿ ರೀಲರುಗಳು ಒಳಗೊಳಗೇ ಮಾತಾಡಿಕೊಂಡರೆ ರೈತನ ಬೆಲೆ ಮುಗ್ಗರಿಸುತ್ತಿತ್ತು. ಇ–ಹರಾಜು ಬಂದ ಮೇಲೆ ಪಕ್ಕದವನು ಎಷ್ಟು ಕೂಗಿದ ಎಂಬುದು ಇನ್ನೊಬ್ಬನಿಗೆ ತಿಳಿಯುವುದು ಕಷ್ಟ. ಕೊನೆಯ ಬೆಲೆ ರೈತನಿಗೆ ತಿಳಿಯುತ್ತದೆ. ಎಲೆಕ್ಟ್ರಾನಿಕ್ ತಕ್ಕಡಿಯಲ್ಲಿ ತೂಕ. ಹಣ ಖಾತೆಗೆ. ಎಪಿಎಂಸಿಗಳಲ್ಲೂ 2014ರಿಂದ ಏಕೀಕೃತ ಮಾರುಕಟ್ಟೆ ವೇದಿಕೆಯ ಮೂಲಕ ಇಂಥದೇ ಪ್ರಯತ್ನ ಸಾಗಿತು. ಆಮೇಲೆ 2016ರಲ್ಲಿ ಕೇಂದ್ರದ ಆನ್‌ಲೈನ್ ಕೃಷಿ ಮಾರುಕಟ್ಟೆ ಇ–ನಾಮ್ ಬಂತು. ಬಂದ ಬೆಲೆ ಹಿಡಿಸದಿದ್ದರೆ ಮಾರುವುದಿಲ್ಲ ಎನ್ನುವ ಅಧಿಕಾರ ಅಲ್ಲಿ ರೈತನದು.

ಈ ಮಾರುಕಟ್ಟೆಗಳಲ್ಲಿ ದೋಷಗಳಿಲ್ಲ ಎಂದಲ್ಲ. ಸರ್ವರ್ ಕೈಕೊಟ್ಟ ದಿನ ರೈತ ಬಿಸಿಲಲ್ಲಿ ಕಾಯುತ್ತಾನೆ, ಕೊಳ್ಳುವವರು ಕೈಜೋಡಿಸಿದರೆ ಪರದೆಯೂ ಬೆಲೆ ಏರಿಸಲಾರದು. ಆದರೆ ನಿಯಮ ಗೋಡೆಯ ಮೇಲಿದೆ, ಅಧಿಕಾರಿ ಎದುರಿಗಿದ್ದಾನೆ, ತಪ್ಪಾದರೆ ಪ್ರತಿಭಟಿಸಲು ಗೇಟು ಇದೆ. ಇಲ್ಲೂ ಲೆಕ್ಕ ಹಾಕುವುದು ಕಂಪ್ಯೂಟರೇ. ಮಾರುವವನ ಎದುರಿಗೆ ಲೆಕ್ಕ ಹಾಕುತ್ತದೆ ಎಂಬುದಷ್ಟೇ ವ್ಯತ್ಯಾಸ, ಮತ್ತು ಅದೇ ದೊಡ್ಡ ವ್ಯತ್ಯಾಸ.

---
ಬಾಕ್ಸ್ | ನಿಮಗೆ ಗೊತ್ತಿರಲಿ

● 1915: ರಾಷ್ಟ್ರೀಯ ಗ್ರಾಹಕ ಸಹಾಯವಾಣಿ. ಆನ್‌ಲೈನ್ ಖರೀದಿಯ ದೂರುಗಳಿಗೂ ಇದೇ ಸಂಖ್ಯೆ.
● 1930: ಸೈಬರ್ ವಂಚನೆಯಲ್ಲಿ ಹಣ ಹೋದರೆ ತಡಮಾಡದೆ ಕರೆ ಮಾಡಬೇಕಾದ ಸಂಖ್ಯೆ.
● 13: ಕೇಂದ್ರ ಸರ್ಕಾರ 2023ರ ನವೆಂಬರ್‌ನಲ್ಲಿ ನಿಷೇಧಿಸಿದ, ಗಿರಾಕಿಯನ್ನು ಯಾಮಾರಿಸುವ ‘ಡಾರ್ಕ್ ಪ್ಯಾಟರ್ನ್’ಗಳ ಸಂಖ್ಯೆ. ‘ಒಂದೇ ಪೀಸ್ ಉಳಿದಿದೆ’ ಎಂಬ ಸುಳ್ಳು ಅವಸರ, ಬಿಲ್ಲಿನ ಕೊನೆಗೆ ಮೆಲ್ಲಗೆ ಸೇರುವ ಶುಲ್ಕ ಇವೆರಡೂ ಆ ಪಟ್ಟಿಯಲ್ಲಿವೆ.
● 10 ಲಕ್ಷ: ದಾರಿತಪ್ಪಿಸುವ ಜಾಹೀರಾತಿಗೆ ವಿಧಿಸಬಹುದಾದ ದಂಡ, ರೂಪಾಯಿಗಳಲ್ಲಿ. ಮತ್ತೆ ಮಾಡಿದರೆ 50 ಲಕ್ಷದವರೆಗೆ. ಹಣ ಅಥವಾ ಉಡುಗೊರೆ ಪಡೆದು ಹೊಗಳುವ ಇನ್‌ಫ್ಲುಯೆನ್ಸರ್‌ಗಳು ಅದನ್ನು ಬಹಿರಂಗಪಡಿಸಲೇಬೇಕು.

---

ಕೇಳಿದವರಿಗಷ್ಟೇ ಉತ್ತರ

ಮೊಬೈಲ್ ಬಿಸಾಡಿ ಎಂದು ಹೇಳುವುದು ಸುಲಭ. ಅದರಿಂದ ಅನ್ನ ದುಡಿಯುತ್ತಿರುವವರ ಎದುರು ಆ ಮಾತು ಆಡಲಾಗದು. ಮಾಡಬಹುದಾದ ಕೆಲಸಗಳು ಬೇರೆ ಇವೆ.

ಆನ್‌ಲೈನ್‌ನಲ್ಲಿ ಮಾರುವವರು ಗಿರಾಕಿಗಳ ಹೆಸರು, ನಂಬರುಗಳನ್ನು ಅವರ ಒಪ್ಪಿಗೆ ಪಡೆದು ಸ್ವಂತ ಪುಸ್ತಕದಲ್ಲಿ ಬರೆದಿಟ್ಟುಕೊಳ್ಳಲಿ. ಖಾತೆ ಮುಚ್ಚಿದರೂ ವ್ಯಾಪಾರ ಮುಚ್ಚದು. ಇಳಕಲ್ ಸೀರೆ ಕೊಳ್ಳುವವರು ಸೆರಗು ಕೂಡುವ ಜಾಗದ ಹತ್ತಿರದ ಚಿತ್ರ ಕೇಳಲಿ, ಹ್ಯಾಂಡ್‌ಲೂಮ್ ಮಾರ್ಕ್ ಕೇಳಲಿ. ಊಟ ಹತ್ತು ನಿಮಿಷ ತಡವಾದ ಸಿಟ್ಟಿಗೆ ಒಂದು ಸ್ಟಾರ್ ಒತ್ತುವ ಮುನ್ನ, ಆ ಒತ್ತುವಿಕೆ ಒಬ್ಬನ ನಾಳೆಯ ಕೆಲಸ ಕಸಿಯಬಹುದು ಎಂದು ನೆನೆಯೋಣ. ಮೈ ಉರಿಸುವ ಸಂದೇಶ ಬಂದಾಗ ಮುರ್ಕಿಯನ್ನು ನೆನೆದು ಬೆರಳು ತಡೆಯೋಣ.

ಸರ್ಕಾರದ ಪಾಲಿನ ಕೆಲಸ ಇನ್ನೂ ದೊಡ್ಡದು. ಗಿಗ್ ಕಾರ್ಮಿಕರ ಕಾಯ್ದೆ ಕಾಗದದಲ್ಲಿ ಉಳಿಯದೆ, ಐಡಿ ಬ್ಲಾಕ್ ಆದ ಹುಡುಗನಿಗೆ ಕಾರಣ ಕನ್ನಡದಲ್ಲಿ ಸಿಗುವಂತಾಗಬೇಕು. ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ 2023ರಲ್ಲೇ ಬಂತು, ಅದರ ನಿಯಮಗಳು 2025ರ ನವೆಂಬರ್‌ನಲ್ಲಿ ಪ್ರಕಟವಾದವು. ನಮ್ಮ ಬಗ್ಗೆ ಏನೇನು ಮಾಹಿತಿ ಇಟ್ಟುಕೊಂಡಿದ್ದೀರಿ ಎಂದು ಕಂಪನಿಯನ್ನು ಕೇಳುವ ಹಕ್ಕು ಆ ಕಾಯ್ದೆಯಲ್ಲಿದೆ. ಆ ಹಕ್ಕು ಚಲಾಯಿಸುವುದು ಹೇಗೆಂದು ಗ್ರಾಮ ಪಂಚಾಯಿತಿಯ ಗ್ರಂಥಾಲಯದಲ್ಲಿ, ಕಾಲೇಜುಗಳಲ್ಲಿ ಕಲಿಸಬೇಕು.

ಕ್ಯೂಆರ್ ನೋಟಿಸ್‌ಗಳಿಗೆ ಪರಿಹಾರ ಸಿಕ್ಕಿದ್ದು ವ್ಯಾಪಾರಿಗಳು ಒಟ್ಟಾಗಿ ಕೇಳಿದ್ದರಿಂದ. ಗಿಗ್ ಕಾಯ್ದೆ ಬಂದದ್ದು ಬೈಕಿನ ಹುಡುಗರು, ಕ್ಯಾಬ್ ಚಾಲಕರು ವರ್ಷಗಟ್ಟಲೆ ಕೇಳಿದ್ದರಿಂದ. ಲೆಕ್ಕ ಕೇಳುವುದು ಮಾರುವವರ, ದುಡಿಯುವವರ, ನೋಡುವವರ ಹಕ್ಕು. ನೀವೂ ಕೇಳಿ. ಕೇಳದ ಹೊರತು ಯಾರೂ ತೋರಿಸುವುದಿಲ್ಲ.